ಎರಡನೆಯ ಕೋಲು

ಶನಿವಾರ ಹತ್ತಕ್ಕೆ, ಬಾರ್ನ್ಸ್‌ಲಿಯ ಚಾಪೆಲ್ಲಿನ ಹಿಂದಿನ ಹಾಲಿಗೆ
ಮುರಿದದ್ದನ್ನೆಲ್ಲ ತರುತ್ತಾರೆ: ಮುಳ್ಳು ನಿಂತ ಗಡಿಯಾರ,
ಮೂತಿ ಸೋರುವ ಕೆಟಲು, ಹಾಡು ಮರೆತ ರೇಡಿಯೊ.
ನನ್ನದು ಮೂರನೆಯ ಮೇಜು. ಒಂದು ಮೀಟರು, ಎರಡು ಸ್ಕ್ರೂಡ್ರೈವರು,
ಬಿಸ್ಕತ್ತಿನ ಡಬ್ಬಿಯ ತುಂಬ ಫ್ಯೂಸು.

ಡೋರೀನ್ ಹಾಕ್ಸ್‌ವರ್ತ್ ಹೀಟರನ್ನು ತಂದದ್ದು
ಮೊಮ್ಮಗನ ಹಳೆಯ ತಳ್ಳುಗಾಡಿಯಲ್ಲಿ ಕೂರಿಸಿ, ಬೆಲ್ಟು ಬಿಗಿದು.
"ಕಾಯುತ್ತದೆ ಲವ್, ಆದರೆ ಮನಸ್ಸಿಲ್ಲದ ಮನಸ್ಸಿನಿಂದ."
ಬಸ್ ಡ್ರೈವರನನ್ನೂ ಪಾದ್ರಿಯನ್ನೂ ಲವ್ ಎನ್ನುವ ಊರು ಇದು;
ಮೊದಲ ವರ್ಷ ನಾನು ಪ್ರತಿ ಸಲ ಬೆಚ್ಚುತ್ತಿದ್ದೆ.

ಅಳೆದೆ. ಗೋಡೆ ಕೊಟ್ಟದ್ದು ಇನ್ನೂರ ನಲವತ್ತು ವೋಲ್ಟು,
ಹೀಟರು ಎಳೆದದ್ದು ನಾಲ್ಕೇ ಆಂಪಿಯರು.
ಗದಗಿನ ಪಾಲಿಟೆಕ್ನಿಕ್ಕಿನಲ್ಲಿ ಬೆನಕಣ್ಣವರ ಸರು
ತ್ರಿಕೋನ ಬರೆದು, ತಲೆಗೆ ವೋಲ್ಟು, ಕಾಲಿಗೆ ಆಂಪಿಯರು, ಓಮು,
"ಯಾವುದು ಬೇಕೋ ಅದನ್ನ ಹೆಬ್ಬೆಟ್ಟಿಂದ ಮುಚ್ಚ್ರಿ,
ಉಳದದ್ದ ಉತ್ತರ" ಅನ್ನುತ್ತಿದ್ದರು.
ಅವರ ಹೆಬ್ಬೆಟ್ಟು ಸದಾ ಸೀಮೆಸುಣ್ಣ.

ಮುಚ್ಚಿದೆ. ಭಾಗಿಸಿದರೆ ಅರವತ್ತು ಓಮು.
ಗುಣಿಸಿದರೆ ಒಂಬೈನೂರ ಅರವತ್ತು ವ್ಯಾಟು.
ಬೆನ್ನಿನ ತಗಡು ಹೇಳುವುದು ಎರಡು ಸಾವಿರ.
ಅರ್ಧ ಬೆಂಕಿ ಎಲ್ಲೋ ದಾರಿ ತಪ್ಪಿದೆ.

ಕೋಲು ಎರಡು, ಸ್ವಿಚ್ಚು ಒಂದೇ.
ಒಂದರ ತಂತಿ ಸುಟ್ಟಿರಬೇಕೆಂದು ಬೆನ್ನು ಬಿಚ್ಚಿದೆ.
ಸುಟ್ಟಿರಲಿಲ್ಲ. ಇಕ್ಕಳದಲ್ಲಿ ನೇರ ಕತ್ತರಿಸಿ,
ತುದಿಗೆ ಕೊಳವೆ ತೊಡಿಸಿ, ಬಟ್ಟೆಯ ಟೇಪು ಸುತ್ತಿ,
ಬಾಣಂತಿಯ ಕಿವಿಗೆ ಹತ್ತಿ ಇಡುವಷ್ಟು ಜೋಪಾನವಾಗಿ
ಯಾರೋ ಮೂಲೆಗೆ ಮಡಚಿಟ್ಟಿದ್ದರು.

ಡೋರೀನ್ ಕನ್ನಡಕ ಹಾಕಿಕೊಂಡು ಬಗ್ಗಿದಳು.
"ಇದು ಕ್ಲಿಫ್‌ನ ಕೈ."
ಗಣಿಯ ಎಲೆಕ್ಟ್ರಿಷಿಯನ್ನು, ತೀರಿಕೊಂಡು ಆರು ವರ್ಷ.
ಮುಷ್ಕರದ ಚಳಿಗಾಲ; ತಿಂಗಳುಗಟ್ಟಲೆ ಸಂಬಳವಿಲ್ಲ,
ಮೀಟರಿನ ಬಾಯಿಗೆ ಹಾಕಲು ನಾಣ್ಯವಿಲ್ಲ.
ಎರಡನೆಯದು ಸುಟ್ಟುಹೋಯಿತು ಅಂದನಂತೆ. ಇವಳು ನಂಬಿದಳು.
"ಆಗ ಸರಿ. ಸಂಬಳ ಬಂದ ಮೇಲಾದರೂ
ಸೇರಿಸಬಾರದಿತ್ತೆ, ಜಿಪುಣ ಮುಂಡೇದು!"
(ಕನ್ನಡದಲ್ಲಿ ಇಷ್ಟು ಸಭ್ಯವಾಯಿತು. ಅವಳ ಭಾಷೆಗೆ
ಪಕ್ಕದ ಮೇಜಿನ ಹೊಲಿಗೆ ಯಂತ್ರ ನಿಂತುಹೋಗಿತ್ತು.)

ಲೆಕ್ಕ ಹಾಕು ಅಂದಳು. ಹಾಕಿದೆ, ಫ್ಯೂಸಿನ ಪೊಟ್ಟಣದ ಹಿಂದೆ:
ಸಂಜೆಗೆ ನಾಲ್ಕು ತಾಸು, ವರ್ಷಕ್ಕೆ ನೂರಿಪ್ಪತ್ತು ಸಂಜೆ,
ನಲವತ್ತು ಚಳಿಗಾಲ. ಹದಿನೆಂಟು ಸಾವಿರದ
ನಾನೂರ ಚಿಲ್ಲರೆ ಯೂನಿಟ್ಟು.
ಚೀಟಿಯನ್ನು ಬಹಳ ಹೊತ್ತು ನೋಡಿದಳು.
"ಇಷ್ಟೂ ಚಳಿಯನ್ನು ನಾನು ಹೊದ್ದೆ."
ಆಮೇಲೆ, ಮೆಲ್ಲಗೆ, "ಅವನೂ ಹೊದ್ದ."

ಸೇರಿಸಿದೆ.
ಒಂದು ತಡೆಯ ಪಕ್ಕ ಅಂಥದೇ ಇನ್ನೊಂದು ತಡೆ ನಿಂತರೆ
ಒಟ್ಟು ತಡೆ ಅರ್ಧವಾಗುತ್ತದೆ: ಮೂವತ್ತು ಓಮು.
ಪರೀಕ್ಷೆಯಲ್ಲಿ ಇದನ್ನು ಸರಿಯಾಗಿಯೇ ಬರೆದಿದ್ದೆ, ನಂಬಿರಲಿಲ್ಲ.
ಹಳೇ ಧೂಳು ಸುಟ್ಟ ವಾಸನೆ. ಎರಡನೆಯ ಕೋಲು
ಮೊದಲು ಕಂದು, ಆಮೇಲೆ ದಾಸವಾಳ.

ಡೋರೀನ್ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದಳು,
ಇನ್ನೂ ಒಂದು ಗೇಣು. ಕೋಟಿನ ಗುಂಡಿ ಬಿಚ್ಚಿದಳು.
ನೋಂದಣಿ ಪುಸ್ತಕದಲ್ಲಿ 'ಕೆಟ್ಟದ್ದೇನು' ಎಂಬ ಅಂಕಣ.
ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತು
ಮುಂದಿನ ಮನೆಗೆ ದಾಟಿತು: ಆಂಪಿಯರು, ಎಂಟು.