ಮಡಿಕೆ

ಮೂವತ್ತೆಂಟು ಅಂಗಿ, ಆರು ಸೀರೆ, ಒಂದು ಪೊಲೀಸ್ ಯೂನಿಫಾರ್ಮು.
ಇವತ್ತಿನ ಗಂಟು.
ವಿನೋಬನಗರದ ಈ ತಗಡಿನ ಗೂಡಂಗಡಿಯಲ್ಲಿ
ಹದಿನೇಳು ವರ್ಷದಿಂದ ಇದೇ ಕಸುಬು.
ಯಾವ ಬಟ್ಟೆಗೆ ಎಷ್ಟು ಬಿಸಿ,
ಎಲ್ಲಿ ನೀರು ಚಿಮುಕಿಸಬೇಕು, ಎಲ್ಲಿ ಬರೀ ಕೈ ಸವರಿದರೆ ಸಾಕು,
ಬೆರಳಿಗೇ ಗೊತ್ತು.

ನಿನ್ನ ತೊಡೆಸಂದಿನ ವಿಷಯ
ಬೆರಳಿಗೆ ಗೊತ್ತಿರಲಿಲ್ಲ ಕೂಸೆ.

ಹೊಸನಗರದಲ್ಲಿ ನಿನ್ನ ಚಿಕ್ಕಮ್ಮನ ಮದುವೆ.
ಬಸ್ಸು, ಛತ್ರ, ಫೋಟೋ, ಮತ್ತೆ ಬಸ್ಸು.
ಬೆಳಿಗ್ಗೆ ತೊಡಿಸಿದ ಡೈಪರು
ವಾಪಸು ರಿಪ್ಪನ್‌ಪೇಟೆ ದಾಟಿದರೂ ಬಿಚ್ಚಿರಲಿಲ್ಲ.
ಹನ್ನೆರಡು ತಾಸು ಒಣಗಿರುತ್ತದಂತೆ, ಕವರಿನ ಮೇಲೆ ನಗುವ ಮಗು.
ಆ ಮಗು ಹೊಸನಗರದ ಬಸ್ಸು ಹತ್ತಿಲ್ಲ.

ರಾತ್ರಿ ಬಿಚ್ಚಿದರೆ,
ಕಾದ ಪೆಟ್ಟಿಗೆ ಮರೆತು ಇಟ್ಟುಬಿಟ್ಟ ಹಾಗೆ ಕೆಂಪು.
ಗಿರಾಕಿಯ ರೇಷ್ಮೆ ಸುಟ್ಟರೆ ದುಡ್ಡು ಕಟ್ಟಿಕೊಡುತ್ತೇನೆ.
ನಿನಗೇನು ಕಟ್ಟಿಕೊಡಲಿ?

ಎದುರುಮನೆ ಹಾಲಮ್ಮಜ್ಜಿ ಪೌಡರ್ ಡಬ್ಬ ತಂದಳು.
ಮೋಡ ಎದ್ದಿತು, ನೀನು ಕೆಮ್ಮಿದೆ.
ಮೆಡಿಕಲ್ಲಿನ ಹುಡುಗ ಯಾವುದೋ ಟ್ಯೂಬು ಕೊಟ್ಟ, ದೊಡ್ಡವರ ಗಜಕರ್ಣದ್ದು.
ಡಾಕ್ಟರಮ್ಮ ಎರಡನ್ನೂ ಕಸದ ಬುಟ್ಟಿಗೆ ಹಾಕಿ
ಚೀಟಿಯಲ್ಲಿ ಮೊದಲು ಬರೆದದ್ದು, ನನಗೂ ಓದಲು ಬರುವಷ್ಟು ದುಂಡಗೆ:
ಗಾಳಿ.

ಗಾಳಿಗೂ ಚೀಟಿ ಬೇಕಾ ಅಂದೆ.
ನಗಲಿಲ್ಲ ಅವರು.
"ಉಗುರುಬೆಚ್ಚಗಿನ ನೀರು. ಉಜ್ಜಬೇಡಿ, ಒತ್ತಿ ಒತ್ತಿ ಒರೆಸಿ.
ಪೂರ್ತಿ ಆರಿದ ಮೇಲೆ ಜಿಂಕ್ ಮುಲಾಮು,
ದೋಸೆಗೆ ಬೆಣ್ಣೆ ಹಾಕಿದ ಹಾಗೆ, ಜಿಪುಣತನ ಬೇಡ.
ಸಂದಿನೊಳಗೆ ಗುಳ್ಳೆ ಎದ್ದರೆ, ಮೂರು ದಿನಕ್ಕೂ ಇಳಿಯದಿದ್ದರೆ,
ತಿರುಗಿ ಬನ್ನಿ."
ಆಮೇಲೆ ನನ್ನ ಅಂಗೈಯ ಕಾಯಿ ನೋಡಿ,
"ಇಸ್ತ್ರಿಯವರಾ? ಒದ್ದೆ ಬಟ್ಟೆ ಮಡಚಿಟ್ಟರೆ ಏನಾಗತ್ತೆ
ನಾನು ಹೇಳಬೇಕಾ ನಿಮಗೆ?"

ಬೇಡ. ಮುಗ್ಗುತ್ತದೆ. ಚುಕ್ಕೆ ಹಿಡಿಯುತ್ತದೆ.
ತುಂಗೆಯ ಕಲ್ಲಿನ ಮೇಲೆ ಬಟ್ಟೆ ಹರವುತ್ತ ಅಪ್ಪ ಹೇಳುತ್ತಿದ್ದ:
ಮಡಿ ಅಂದರೆ ಆರಿದ್ದು, ಅಷ್ಟೆ ಕಣೋ,
ಮಿಕ್ಕಿದ್ದೆಲ್ಲ ದೊಡ್ಡವರ ಮಾತು.

ಈಗ ನಿನ್ನಮ್ಮ ಆರೂವರೆಗೆ ಗಾರ್ಮೆಂಟ್ಸಿನ ಬಸ್ಸು ಹತ್ತಿದ ಮೇಲೆ
ನಾವಿಬ್ಬರೇ.
ಪೆಟ್ಟಿಗೆಯ ವೈರು ಎಟುಕದ ಮೂಲೆಯಲ್ಲಿ, ಹಳೆ ಪಂಚೆಯ ಮೇಲೆ
ನೀನು ಬರಿ ಅಂಡು, ಮೇಲೆ ಸಣ್ಣ ಫ್ಯಾನು.
ಒಂದು ಅಂಗಿ, ಒಂದು ಸಲ ನಿನ್ನ ಕಡೆ.
ಜಗತ್ತಿಗೆಲ್ಲ ಮಡಿಕೆ ಕೂರಿಸುವ ಕೈ
ನಿನ್ನ ತೊಡೆಯ ಮಡಿಕೆ ಬಿಡಿಸಿ, ಊದಿ, ಕಾಯುತ್ತದೆ.
ಕೆಂಪು ಇವತ್ತು ಸೀಬೆಹಣ್ಣಿನ ಒಳಬಣ್ಣಕ್ಕೆ ಇಳಿದಿದೆ.

ಬಾ ಅಂತ ಎತ್ತಿಕೊಂಡೆ.
ನೀನು ಹೊಡೆದೆ ನೋಡು ಪಿಚಕಾರಿ,
ಗರಿಗರಿ ಯೂನಿಫಾರ್ಮಿನ ಎಡತೋಳಿನ
ಮೂರು ಪಟ್ಟಿಯ ಮೇಲೆ, ಒಂದೂ ಬಿಡದೆ.

ಮತ್ತೆ ಒಗೆಯಬೇಕು.
ಹೆಡ್ ಕಾನ್‌ಸ್ಟೇಬಲ್ ದ್ಯಾಮಪ್ಪನವರು ಬಂದರೆ
ಕರೆಂಟು ಹೋಗಿತ್ತು ಅನ್ನುತ್ತೇನೆ.
ನೀನು ನಗಬೇಡ ಆಗ.