ಬಾವು ಇಳಿಯುವವರೆಗೆ

ಗುರುವಾರಕ್ಕೆ ಟಿಕೇಟು ಆಗಿಹೋಗಿತ್ತು,
ಬೆಂಗಳೂರಿಂದ ಮಸ್ಕತ್ತಿಗೆ, ಕಿಟಕಿ ಪಕ್ಕದ ಸೀಟು.
ಮೂಗಿನ ಮೇಲೆ ಪ್ಲಾಸ್ಟರು ಕೂತು ಆಗಲೇ ಐದು ದಿನ.
ಡಾಕ್ಟರ್ ಶಿವಲೀಲಾ ಕಾಗದ ನೋಡಿದರು, ನನ್ನನ್ನು ನೋಡಿದರು,
"ಯಾರನ್ನ ಕೇಳಿ ತೆಗೆಸಿದ್ರಿ ಇದನ್ನ?"

ಯಾರನ್ನೂ ಕೇಳಿರಲಿಲ್ಲ.
ಮೂಗಿನ ಬಗ್ಗೆಯೂ ಯಾರನ್ನೂ ಕೇಳಿರಲಿಲ್ಲ.
ಎರಡು ಚೀಟಿ ಎತ್ತಿ, ಬಳೆ ಒತ್ತೆ ಇಟ್ಟು,
ನಲವತ್ತೊಂದನೇ ವಯಸ್ಸಿಗೆ
ಕನ್ನಡಿಯ ಜೊತೆಗಿನ ಹಳೇ ವ್ಯಾಜ್ಯವನ್ನು
ರಾಜಿ ಮಾಡಿಕೊಂಡವಳು ನಾನು.
ಓಣಿಯ ಹೆಂಗಸರಿಗೆ ಕಾರಣ ಬೇಕು:
ಬಿದ್ದಿದ್ದೆಯಾ, ಹೊಡೆದನಾ, ಉಸಿರು ಕಟ್ಟುತ್ತಿತ್ತಾ?
ಇಲ್ಲ ಬಿಡ್ರೇ, ಚೆಂದ ಕಾಣಬೇಕಿತ್ತು
ಅಂದರೆ ನಂಬುವುದಿಲ್ಲ.

ಡಾಕ್ಟರು ತಾಳ್ಮೆಯಿಂದ ಹೇಳಿದರು:
ಮೇಲೆ ಹೋದಂಗೆಲ್ಲ ಹೊರಗಿನ ಒತ್ತಡ ಕಡಿಮೆ,
ಒಳಗೆ ಸಿಕ್ಕಿಕೊಂಡ ಗಾಳಿ ಉಬ್ಬುತ್ತೆ,
ಹಸಿ ಗಾಯ, ಊದಿದ ದಾರಿ, ಎಲ್ಲಿಗೆ ಹೋಗಬೇಕು ಅದು?
ನೋವು ಬರಬಹುದು, ರಕ್ತ ಒಸರಬಹುದು,
ಆಕಾಶಕ್ಕೆ ನಾನು ಹೆಂಗ ಬರ್ಲಿ?

ಆ ಮಾತು ನನಗೆ ಬೇಗ ಹತ್ತಿತು.
ನಾನು ಮಂಡಕ್ಕಿ ಭಟ್ಟಿಯ ಮಗಳು.
ಉಪ್ಪುನೀರು ಕುಡಿದ ಅಕ್ಕಿ
ಕಾದ ಮರಳಿಗೆ ಬಿದ್ದ ಗಳಿಗೆ
ಒಳಗಿನದು ಹೊರಗೆ ದಾರಿ ಹುಡುಕುವುದನ್ನು
ನಡೆಯಲು ಕಲಿಯುವ ಮೊದಲೇ ನೋಡಿದವಳು.
ಅಬ್ಬಾ ಮರಳಿನ ಕಾವು ಅಳೆದದ್ದು ಕೈಯಿಂದಲ್ಲ,
ಬಾಣಲೆಯ ಮೇಲೆ ಆ ಉದ್ದ ಕೊಕ್ಕಿನ ಮೂಗು ಚಾಚಿ
"ಇನ್ನೂ ಇಲ್ಲ" ಅನ್ನುತ್ತಿದ್ದ, "ಇನ್ನೂ ಇಲ್ಲ",
ಆಮೇಲೆ "ಹ್ಞೂ, ಸುರಿ."

"ಕೆಲವರಿಗೆ ಎರಡು ವಾರ ಸಾಕು.
ನಿಮಗೆ ಒಳಗಿನ ಎಲುಬೂ ಸರಿಸೀನಿ, ಮೂರು.
ಅದೂ ನಾನು ನೋಡಿದ ಮೇಲೆ."

ಅರಳಿಮರ ಸರ್ಕಲ್ಲಿನ ಇಮ್ತಿಯಾಜ್
ತಾರೀಖು ಮುಂದೂಡಲು ನಾಲ್ಕು ಸಾವಿರದ ಇನ್ನೂರು ಕಿತ್ತುಕೊಂಡ.
ಪಾಸ್‌ಪೋರ್ಟು ತೆರೆದು ನನ್ನ ಬ್ಯಾಂಡೇಜು ನೋಡಿ
"ಆಪಾ, ಕೌಂಟರಿನವ್ನು ಕೇಳ್ತಾನೆ, ಇದು ಯಾರು ಅಂತ."
ಫೋಟೋದಲ್ಲಿ ಅಬ್ಬಾನ ಮೂಗು ಹೊತ್ತ ಒಬ್ಬಳು
ನಗಬೇಡ ಎಂದು ಹೇಳಿಸಿಕೊಂಡು ಕೂತಿದ್ದಳು.

ಆಮೇಲೆ ಕಾಯುವುದು.
ಎರಡು ದಿಂಬು ಏರಿಸಿ ಮಲಗುವುದು,
ಸೀನು ಬಂದರೆ ಬಾಯಿ ತೆರೆದು ಬಿಡುವುದು,
ಮೂಗು ಸೀಟಬಾರದು, ಬಗ್ಗಬಾರದು, ಭಟ್ಟಿ ಕಡೆ ಸುಳಿಯಬಾರದು.
ಕಣ್ಣಿನ ಕೆಳಗೆ ನೇರಳೆ,
ಆಮೇಲೆ ಹಸಿರು, ಆಮೇಲೆ ಬೆಣ್ಣೆದೋಸೆಯ ಅಂಚಿನ ಹಳದಿ.
ವಾಸನೆಯೇ ಇಲ್ಲದ ದಾವಣಗೆರೆ;
ಮಿರ್ಚಿ ಗಾಡಿಯ ಎದುರಿಗೇ ನಿಂತರೂ
ಬರೀ ಎಣ್ಣೆಯ ಸದ್ದು.

ಹದಿಮೂರನೇ ದಿನ ಫೋನಿಗೆ ಫೋಟೋ ಬಂತು.
ಶಾಹೀನ್ ನನಗಾಗಿ ಕಾಯಲಿಲ್ಲ, ಅವಳ ಹೊಟ್ಟೆ ಕಾಯಲಿಲ್ಲ.
ಹೆಣ್ಣು, ಮೂರು ಕಿಲೋಗೆ ಸ್ವಲ್ಪ ಕಡಿಮೆ.
ಬಿಳೀ ಟವೆಲಿನ ನಡುವೆ
ಮುಖಕ್ಕಿಂತ ಮೊದಲೇ ಹುಟ್ಟಿದಂತೆ
ಅಬ್ಬಾನ ಮೂಗು.
"ನಿನ್ನ ಥರಾನೇ, ಆಪಾ" ಅಂತ ಕೆಳಗೆ ಬರೆದಿದ್ದಳು.
ಅವಳಿಗೆ ನಾನಿನ್ನೂ ಹೇಳಿರಲಿಲ್ಲ.
ನಗಬಾರದು. ನಕ್ಕೆ.
ಒಳಗೆಲ್ಲೋ ಚುರುಕ್ ಅಂದು ಒಂದು ಹನಿ ಕೆಂಪು
ಹತ್ತಿಗೆ ಇಳಿಯಿತು.
ಕನ್ನಡಿ ನೋಡಿದೆ. ಚೆಂದವೇ ಇತ್ತು.
ಮತ್ತೆ ಫೋಟೋ ನೋಡಿದೆ. ಅದೂ.

ಇಪ್ಪತ್ತೆರಡನೇ ದಿನ ಡಾಕ್ಟರು ದೀಪ ಹಿಡಿದು
ಎರಡು ಬೆರಳಲ್ಲಿ ಎಲುಬು ಸವರಿ
ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಹ್ಞೂ," ಅಂದರು.
ನೀರು ಕುಡೀತಾ ಇರಿ, ಗಂಟೆಗೊಮ್ಮೆ ಎದ್ದು ಓಡಾಡಿ,
ಏನೇನೋ ಹೇಳಿದರು, ನಾನು ಆ ಹ್ಞೂ ಹತ್ತಿರವೇ ನಿಂತಿದ್ದೆ.

ರಾತ್ರಿ ಬಸ್ಸಿಗೆ ಚೀಲ ಕಟ್ಟುವಾಗ ತಮ್ಮ
ಎರಡು ಸೇರು ಮಂಡಕ್ಕಿ ಬಿಗಿಯಾಗಿ ಸೀಲು ಮಾಡಿ ತಂದ.
ಮೇಲೆ ಇದೂ ಉಬ್ಬುತ್ತೆ ಕಣೋ, ಒಡೆದರೆ?
ಸೂಜೀಲಿ ಒಂದು ತೂತು ಮಾಡ್ಲಾ, ಅಂದ.
ಬೇಡ, ಮೆತ್ತಗಾಗುತ್ತೆ.
ಬಾಯಿ ಬಿಚ್ಚಿ ಎರಡು ಬೊಗಸೆ ತೆಗೆದೆ,
ಉಬ್ಬಲಿಕ್ಕೆ ಜಾಗ ಇರಲಿ ಅಂತ.
ಆಗ ಸುಟ್ಟ ಮರಳಿನ ವಾಸನೆ
ಬಂತೋ, ಬಂದಂತಾಯಿತೋ,
ಬೊಗಸೆ ಹಿಡಿದು ಹಾಗೇ ನಿಂತೆ
ಬಸ್ಸಿನ ಹೊತ್ತು ಮೀರುವವರೆಗೆ.