ಬಿಳಿಜೋಳ

ಅಕ್ಕಲಕೋಟೆ ಎಸ್‌ಟಿ ಸ್ಟ್ಯಾಂಡಿನ ಹಿಂದೆ
ಪಂಕ್ಚರ್ ಅಂಗಡಿಗೆ ಬೆನ್ನು ಕೊಟ್ಟ ನನ್ನ ಮೇಜು.
ಅದರ ಮೇಲೆ ಅಡತಿ ಬಜಾರಿನ ಎರಡು ಸ್ಪೀಕರ್ ಪೆಟ್ಟಿಗೆ:
ತೇಗದ ಮೈತುಂಬ ನಲವತ್ತು ಸುಗ್ಗಿಯ ಹೊಟ್ಟು,
ಒಂದರೊಳಗೆ ಇಲಿ ಹೆತ್ತು ಹೋದ ಗೂಡು.

ಕಾಗದದ ಕೋನು ಹರಿದಿತ್ತು.
ಗಾಳಿಪಟದ ಹಾಳೆ, ತೆಳ್ಳನೆ ಅಂಟು,
ಹಿಂದೊಂದು ತೇಪೆ, ಮುಂದೊಂದು,
ಅವ್ವ ಕೌದಿಗೆ ಹಾಕಿದಂತೆ. ಆದರೆ ಭಾರ ಕೂಡದು,
ಭಾರವಾದರೆ ಕೋನು ಮೈಗಳ್ಳ ಆಗುತ್ತದೆ.

ಇನ್ನೊಂದರ ವೂಫರ್ ಯಾವನೋ ಬದಲಿಸಿದ್ದ.
ನೋಡಲು ಅವಳಿ. ಮೀಟರು ಹಚ್ಚಿದರೆ
ಒಂದು ಏಳು ಓಮು, ಒಂದು ನಾಲ್ಕಕ್ಕೂ ಕಮ್ಮಿ.
ಸೊಲ್ಲಾಪುರದ ಗುಜರಿಯಲ್ಲಿ
ಮೂರು ಸೋಮವಾರ ತಿರುಗಿ ಜೋಡಿ ತಂದೆ.

ಕ್ರಾಸ್‌ಓವರ್ ಹೊಸದಾಗಿಯೇ ಕಟ್ಟಿದೆ.
ತಾಮ್ರದ ತಂತಿ ಸುತ್ತುತ್ತ ನೂರಾ ಅರವತ್ತೆಂಟಕ್ಕೆ ಬಂದಾಗ
ಯಾರೋ ಗುಲ್ಬರ್ಗಾ ಬಸ್ಸು ಹೋಯ್ತಾ ಅಂದರು.
ಮತ್ತೆ ಒಂದರಿಂದ.
ದಪ್ಪ ದನಿ ಕೆಳಗಿನವನಿಗೆ, ಸಣ್ಣದು ಮೇಲಿನವನಿಗೆ,
ನಡುವೆ ಗೋಡೆಯಲ್ಲ, ಇಳಿಜಾರು.
ಒಬ್ಬ ಪೂರ್ತಿ ಸುಮ್ಮನಾಗುವ ಮೊದಲೇ
ಇನ್ನೊಬ್ಬ ಮಾತೆತ್ತಿರುತ್ತಾನೆ,
ನಮ್ಮ ಪ್ಯಾಟಿಯಲ್ಲಿ ಮರಾಠಿ ಕನ್ನಡವಾಗುವ ಹಾಗೆ.

ಪೆಟ್ಟಿಗೆಯ ಜೊತೆಗೇ ಬಂದಿದ್ದ ಕ್ಯಾಸೆಟ್ಟು ಹಾಕಿದೆ.
ಸವಾಲು ಕೂಗುವ ಧೂಳಪ್ಪ ಹತ್ತೂರೆ:
‘ತೊಗರು! ಕುಸುಬು! ಬುಳುಜೋಳ,
ಬುಳುಜೋಳ ಬರ್ರೀ!’

ಬುಳು?

ಇದ್ದಬದ್ದ ‘ಇ’ಗಳೆಲ್ಲ ಬಿದ್ದು ‘ಉ’ ಆಗಿದ್ದವು.
ಕೆಪ್ಯಾಸಿಟರ್ ಬದಲಿಸಿದೆ, ಸುತ್ತು ಬಿಚ್ಚಿದೆ,
ಗುಜರಿಯವನ ವಂಶ ಜಾಲಾಡಿದೆ.
ರಾತ್ರಿ ಒಂದಕ್ಕೆ ಹೊಳೆಯಿತು:
ಇಬ್ಬರೂ ಕೂಡುವ ಎರಡು ಸಾವಿರದ ಆಸುಪಾಸು
ಒಬ್ಬ ತಳ್ಳುವಾಗ ಒಬ್ಬ ಎಳೆಯುತ್ತಾನೆ.
ದುಡಿಮೆ ಇಬ್ಬರದೂ, ಗಳಿಕೆ ಸೊನ್ನೆ.
ಮೇಲಿನವನ ಕೆಂಪು ತಂತಿ ಕರಿಗೆ,
ಕರಿಯದು ಕೆಂಪಿಗೆ.
ತಪ್ಪು ಅನ್ನಿಸುವ ಹಾಗೇ ಬೆಸೆಯಬೇಕಿತ್ತು.
ಹೊಗೆ ಆರುವ ಮೊದಲೇ
‘ಬಿಳಿಜೋಳ!’
ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು.

ಬೆಳಿಗ್ಗೆ ಧೂಳಪ್ಪನೇ ಬಂದ, ಮೊಮ್ಮಗಳ ಸ್ಕೂಟಿಯ ಹಿಂದೆ ಕೂತು.
ಎಂಬತ್ತೆರಡು. ಸಣ್ಣ ದನಿಗಳು
ಅವನ ಕಿವಿಯ ಅಂಗಡಿಯಲ್ಲಿ ತೀರಿ ಎಷ್ಟೋ ಕಾಲ.
ಪೆಟ್ಟಿಗೆಯ ನೆತ್ತಿಗೆ ಅಂಗೈ ಇಟ್ಟು
ಕ್ಯಾಸೆಟ್ಟು ಮುಗಿಯುವ ತನಕ ನಿಂತ.
ದರ ಹೇಳುವಲ್ಲಿ ಅವನ ತುಟಿಯೂ ಆಡುತ್ತಿತ್ತು.

‘ಕೇಳಿಸ್ತೇನು ಕಾಕಾ?’

‘ಬರೋಬರ್ ಐತಿ,’ ಅಂದ.
‘ಬುಳುಜೋಳ.’

ನಾನು ತಂತಿ ಮುಟ್ಟಲಿಲ್ಲ.